ಕೇಳಿದವರು ಒಬ್ಬರಿದ್ದರು

ಹೆಂಡರ್ಸನ್, ಆಕ್ಲೆಂಡ್
ಶುಕ್ರವಾರ, ೨೩ ಆಗಸ್ಟ್ ೨೦೨೪

ಶಿವರಾಜ್ ಅವರಿಗೆ,

ವಚನಾಳ ಶರಣು. ಈ ಮೂರು ವರ್ಷದಲ್ಲಿ ನಾನು ನಿಮಗೆ ಬರೆದದ್ದೆಂದರೆ ಸ್ನೇಹಲ್‌ಳ ಬಸ್ಸಿನ ಸಮಯ, ಅವಳ ಶಾಲೆಯ ಫಾರ್ಮು, ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟು. ಅದೂ ಫೋನಿನಲ್ಲಿ, ಎರಡೆರಡು ಸಾಲು. ಇದನ್ನೂ ಫೋನಿನಲ್ಲೇ ಬರೆಯಲು ಕೂತಿದ್ದೆ. ಐದು ಸಲ ಬರೆದು ಐದು ಸಲವೂ ಅಳಿಸಿದೆ. ಕೊನೆಗೆ ಮಗಳ ರಫ್ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡೆ. ನಾಳೆ ಬೆಳಿಗ್ಗೆ ಅವಳು ಹ್ಯಾಮಿಲ್ಟನ್ ಬಸ್ ಹತ್ತುವಾಗ ಕೈಯಲ್ಲಿ ಕೊಡುತ್ತೇನೆ. ಅವಳಿಗೆ ವಿಷಯ ಗೊತ್ತಿದೆ. ಆದರೂ ಅವಳ ಎದುರು ಓದಬೇಡಿ.

ಸುತ್ತಿ ಬಳಸಿ ಹೇಳುವುದಿಲ್ಲ. ವೆಂಡೆಲ್ ಓಕ್ಸ್ ಸಿಕ್ಕಿದ್ದರು. ಮೊನ್ನೆ ಬುಧವಾರ ಮಧ್ಯಾಹ್ನ ತೀರಿಕೊಂಡರು.

ನೀವು ಈ ಸಾಲನ್ನು ಮತ್ತೆ ಓದುತ್ತೀರಿ ಎಂದು ಗೊತ್ತು. ಹೌದು, ಅವರೇ. 'ಲ್ಯಾಂಟರ್ನ್ ಕೌಂಟಿ' ಎಂಬ ಆ ಬ್ಯಾಂಡಿನಲ್ಲಿ ಆರ್ಗನ್ ನುಡಿಸಿ ಹಾಡಿದವರು. ಓಹಾಯೋದ ಊರೂರಿಗೆ ಕಾಗದ ಬರೆದು ನೀವು ಹದಿನೆಂಟು ವರ್ಷ ಹುಡುಕಿದವರು. ಅವರು ಇಲ್ಲೇ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ, ನಾನು ನರ್ಸ್ ಆಗಿರುವ ವೃದ್ಧರ ರೆಸ್ಟ್ ಹೋಮಿನಲ್ಲಿ ಐದೂವರೆ ತಿಂಗಳು ಇದ್ದರು. ನನಗೆ ಮೊದಲ ದಿನವೇ ಗೊತ್ತಾಗಿತ್ತು. ನಿಮಗೆ ಹೇಳಲಿಲ್ಲ.

ಆ ರೆಕಾರ್ಡಿನ ಕಥೆ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೆ ಅದರ ಜೊತೆ ನಾನು ಹೇಗೆ ಬದುಕಿದೆ ಎಂದು ನಿಮಗೆ ಒಮ್ಮೆಯೂ ಹೇಳಿಲ್ಲ. ನಾವು ನ್ಯೂ ಲಿನ್‌ನ ಆ ಎರಡು ಕೋಣೆಯ ಮನೆಗೆ ಬಂದ ಹೊಸದು. ನೀವು ಹಳೇ ಸಾಮಾನು ಮಾರುವ ಆಪ್ ಶಾಪ್‌ನಿಂದ ಒಂದು ಕುರ್ಚಿ ತರುತ್ತೇನೆಂದು ಹೋಗಿ ಕುರ್ಚಿಯ ಬದಲು ಒಂದು ಹಳೇ ಪ್ಲೇಯರು, ಒಂದೇ ಒಂದು ರೆಕಾರ್ಡು ತಂದಿರಿ. 'ನೈನ್ ರೂಮ್ಸ್ ಅಂಡರ್ ದ ರಿವರ್', ೧೯೭೪. ಹೊದಿಕೆಯ ಮೇಲೆ ನೀರಿನಡಿಯಲ್ಲಿ ಮುಳುಗಿದ ಊರಿನ ಚಿತ್ರ. ಅಣೆಕಟ್ಟು ಕಟ್ಟಿ ಮುಳುಗಿಸಿದ ಊರು ಎಂದು ನೀವೇ ಆಮೇಲೆ ಓದಿ ಹೇಳಿದಿರಿ. ಎರಡನೇ ಮಗ್ಗುಲಲ್ಲಿ ಹತ್ತೊಂಬತ್ತು ನಿಮಿಷದ ಒಂದೇ ಹಾಡು. "ಇದಕ್ಕ ಪ್ರೋಗ್ ರಾಕ್ ಅಂತಾರ. ತಾಳ ನೋಡು, ನಮ್ಮ ರೂಪಕದಾಂಗನ ಐತಿ, ಏಳು ಮಾತ್ರಿ," ಎಂದು ನನ್ನ ಕೈ ಹಿಡಿದು ಬೆರಳು ಮಡಿಚಿ ಎಣಿಸಿದಿರಿ. ನೆಲದ ಮೇಲೆ ಕೂತು ಕೇಳಿದೆವು. ಅವತ್ತು ನನಗೆ ಅದು ನಿಜಕ್ಕೂ ಇಷ್ಟವಾಗಿತ್ತು. ಇದನ್ನೂ ನಿಮಗೆ ಹೇಳಿರಲಿಲ್ಲ.

ಆಮೇಲೆ ಅದು ನಿಮ್ಮೊಬ್ಬರದೇ ಆಯಿತು. ಐನೂರೇ ಪ್ರತಿ ಅಚ್ಚಾದದ್ದು, ಯಾವ ಪುಸ್ತಕದಲ್ಲೂ ಹೆಸರಿಲ್ಲ, ಇಂಟರ್ನೆಟ್ಟಿನಲ್ಲಿ ನಾಲ್ಕು ಸಾಲೂ ಇಲ್ಲ. ಯಾರೂ ಕೇಳದ್ದನ್ನು ನಾನಾದರೂ ಕೇಳಬೇಕು ಎಂದಿರಿ. ಭಾನುವಾರಗಳು ಅದಕ್ಕೆ ಹೋದವು. ಡ್ರಮ್ ಬಾರಿಸಿದವನು ಸತ್ತಿದ್ದಾನೆಂದು ಪತ್ತೆ ಮಾಡಿದಿರಿ. ವೆಂಡೆಲ್ ೧೯೭೯ರಲ್ಲಿ ಊರು ಬಿಟ್ಟವರು ಎಲ್ಲಿ ಹೋದರೋ ಯಾರಿಗೂ ತಿಳಿಯದು ಎಂದಿರಿ. ಸಿಟಿ ಕೌನ್ಸಿಲ್ಲಿನ ಕೆಲಸ ಮುಗಿಸಿ ಬಂದು ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಿರಿ. ನನಗೆ ಆ ಹಾಡಿನ ಒಂದೊಂದು ತಿರುವೂ ಬಾಯಿಪಾಠವಾದದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ.

ಈಗ ೨೦೨೧ರ ಮೇ ತಿಂಗಳ ಮಾತು. ನನ್ನ ಎದೆಯ ಗಂಟಿನ ಬಯಾಪ್ಸಿ ಫಲಿತಾಂಶ ಹೇಳುವ ದಿನ ನೀವು ಒಂದು ತಾಸು ತಡವಾಗಿ ಬಂದಿರಿ. ಬೇಸ್ ಗಿಟಾರಿನವನ ಹೆಂಡತಿ ಅಮೆರಿಕದಿಂದ ಅದೇ ಹೊತ್ತಿಗೆ ಫೋನು ಮಾಡಿದ್ದಳು. ಆರು ತಿಂಗಳಿಂದ ಕಾದಿದ್ದ ಫೋನು. ಗಂಟು ಅಪಾಯದ್ದಲ್ಲ ಎಂಬ ಮಾತನ್ನು ನಾನು ಒಬ್ಬಳೇ ಕೇಳಿದೆ. ಹೆಂಡತಿಯ ಜೀವದ ಪ್ರಶ್ನೆಗಿಂತ ಅವರಿಗೆ ಒಂದು ರೆಕಾರ್ಡು ದೊಡ್ಡದಾಯಿತು ಎಂದು ನಿಮ್ಮ ತಾಯಿಗೆ ಹೇಳಿದೆ, ನನ್ನ ಅಕ್ಕನಿಗೆ ಹೇಳಿದೆ, ಕನ್ನಡ ಕೂಟದಲ್ಲಿ ಕೇಳಿದವರಿಗೆಲ್ಲ ಹೇಳಿದೆ. ನೀವು ಒಬ್ಬರಿಗೂ ಎದುರುತ್ತರ ಕೊಡಲಿಲ್ಲ. ಅದೇ ವರ್ಷ ಹ್ಯಾಮಿಲ್ಟನ್ನಿನಲ್ಲಿ ಕೆಲಸ ಹಿಡಿದು ಅಲ್ಲೇ ರೊಟೊಟೂನದಲ್ಲಿ ಮನೆ ಮಾಡಿದಿರಿ. ನಾನು ಬರಲಿಲ್ಲ.

ಅವರಿಗೆಲ್ಲ ನಾನು ಹೇಳದೆ ಬಿಟ್ಟದ್ದು ಒಂದಿದೆ. ಆ ಬೆಳಿಗ್ಗೆ ನೀವು "ನಾ ಬರ್ಲೇನು?" ಎಂದು ಮೂರು ಸಲ ಕೇಳಿದ್ದಿರಿ. ಮೂರು ಸಲವೂ ನಾನು, "ಬ್ಯಾಡ್ರಿ, ನಾ ನರ್ಸ್ ಅದೇನಿ, ನನಗ ಯಾರೂ ಬೇಕಾಗಿಲ್ಲ," ಅಂದೆ. ಬೇಡವೆಂದರೂ ನೀವು ಬಂದಿರಿ, ತಡವಾಗಿ ಬಂದಿರಿ. ನಾನು ಎಲ್ಲರಿಗೂ 'ತಡವಾಗಿ' ಎಂಬುದನ್ನು ಮಾತ್ರ ಹೇಳಿದೆ. 'ಬೇಡವೆಂದಿದ್ದೆ' ಎಂಬುದನ್ನು ನುಂಗಿಕೊಂಡೆ.

ಈ ಮಾರ್ಚ್ ಆರರಂದು, ಹೊಸಬರೊಬ್ಬರು ಬಂದಿದ್ದಾರೆ, ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನದಲ್ಲಿಲ್ಲ, ಎಲ್ಲರೂ 'ಡೆಲ್' ಎಂದು ಕರೆಯುತ್ತಾರೆ ಎಂದು ಬೆಳಗಿನ ಪಾಳಿಯಲ್ಲಿ ಹೇಳಿದರು. ಔಷಧಿಯ ಚಾರ್ಟು ತೆರೆದೆ. ವೆಂಡೆಲ್ ಆರ್ಥರ್ ಓಕ್ಸ್. ಹುಟ್ಟಿದ್ದು ಓಹಾಯೋ, ೧೯೪೯. ರೆಕಾರ್ಡಿನ ಹಿಂಬದಿಯಲ್ಲಿ ಇರುವ ಹಾಗೆಯೇ, ಮಧ್ಯದ 'ಆರ್ಥರ್' ಸಮೇತ. ಹೆಸರನ್ನು ಎರಡು ಸಲ ಓದಿದೆ. ಆಮೇಲೆ ಗುಳಿಗೆ ಎಣಿಸಿ ಕಪ್ಪಿನಲ್ಲಿ ಹಾಕಿ ಅವರಿಗೆ ಕೊಟ್ಟು, ಚೆನ್ನಾಗಿದ್ದೀರಾ ಎಂದು ಕೇಳಿ ಮುಂದಿನ ಕೋಣೆಗೆ ಹೋದೆ.

ಅವರು ಈ ದೇಶಕ್ಕೆ ಬಂದದ್ದು ಇಲ್ಲಿನ ಹೆಂಗಸೊಬ್ಬರನ್ನು ಮದುವೆಯಾಗಿ. ನಲವತ್ತು ವರ್ಷ ಪಶ್ಚಿಮ ಆಕ್ಲೆಂಡಿನ ಶಾಲೆ, ಚರ್ಚು, ಮನೆಗಳಲ್ಲಿ ಪಿಯಾನೋ ಶ್ರುತಿ ಮಾಡಿಕೊಂಡು ಬದುಕಿದರು. ಹೆಂಡತಿ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಓಹಾಯೋದಲ್ಲಿ ತಮ್ಮನ ಮಗಳು ಒಬ್ಬಳು ಇದ್ದಾಳೆ, ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ನಮ್ಮ ನ್ಯೂ ಲಿನ್ ಮನೆಯಿಂದ ಮೂರು ಬೀದಿ ಆಚೆ ಹನ್ನೆರಡು ವರ್ಷ ಇದ್ದರಂತೆ. ನೀವು ಹಾಲಿಗೆ ಹೋಗುತ್ತಿದ್ದ ಮೂಲೆಯಂಗಡಿಗೇ ಅವರೂ ಪೇಪರಿಗೆ ಬರುತ್ತಿದ್ದರು.

ರೋಗಿಗಳ ವಿಷಯ ಹೊರಗೆ ಹೇಳಬಾರದು, ಅದು ನಿಯಮ ಎಂದು ನನಗೆ ನಾನೇ ಹೇಳಿಕೊಂಡೆ. ನಿಯಮ ಇರುವುದು ನಿಜ. ಆದರೆ "ನನ್ನ ಗಂಡನಿಗೆ ನಿಮ್ಮ ರೆಕಾರ್ಡ್ ಗೊತ್ತು, ಅವರಿಗೆ ಹೇಳಲೇ?" ಎಂದು ಅವರನ್ನೇ ಕೇಳಲು ಯಾವ ನಿಯಮದ ಅಡ್ಡಿಯೂ ಇರಲಿಲ್ಲ. ಒಂದೇ ಒಂದು ಪ್ರಶ್ನೆ. ನಿಯಮದ ಹಿಂದೆ ನಿಂತದ್ದು ನನ್ನ ಸೇಡು. ನಿಮಗೆ ಬಹಳ ಬೇಕಾದದ್ದೊಂದು ನನ್ನ ಕೈಯಲ್ಲಿದೆ, ನಾನು ಕೊಡುವುದಿಲ್ಲ. ಅದರಲ್ಲಿ ಒಂದು ಸುಖವಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಇತ್ತು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅವರ ಉಗುರು ಕತ್ತರಿಸುತ್ತಿದ್ದೆ. ಎಡಗೈ ಬೆರಳುಗಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತಿದ್ದವು. ಏಳು, ಏಳು, ಏಳು. ಸುಮ್ಮನಿರಿ, ಕತ್ತರಿ ತಾಗುತ್ತದೆ ಅಂದೆ. ಆಗ ಅವರು ತಾವಾಗಿಯೇ ಹೇಳಿದರು, ತಾವು ಹುಡುಗನಾಗಿದ್ದಾಗ ಒಂದು ರೆಕಾರ್ಡು ಮಾಡಿದ್ದರಂತೆ. ಕಂಪನಿ ಎರಡೇ ತಿಂಗಳಿಗೆ ಬಾಗಿಲು ಮುಚ್ಚಿತಂತೆ. ಮಾರಾಟವಾಗದ ಪ್ರತಿಗಳನ್ನೆಲ್ಲ ತಮ್ಮನ ಗ್ಯಾರೇಜಿನಲ್ಲಿ ಇಟ್ಟಿದ್ದರೆ ಅಲ್ಲಿಗೂ ಹೊಳೆ ನೀರು ನುಗ್ಗಿ ಎಲ್ಲ ಹಾಳಾದವಂತೆ. "ಮುಳುಗಿದ ಊರಿನ ಮೇಲೆ ಹಾಡು ಕಟ್ಟಿದೆವು, ಹೊಳೆ ಬಂದು ಹಾಡನ್ನೂ ತೆಗೆದುಕೊಂಡು ಹೋಯಿತು," ಎಂದು ನಕ್ಕರು.

ಇನ್ನೊಂದು ಹೇಳಿದರು. ಎರಡನೇ ಮಗ್ಗುಲಲ್ಲಿ ಆರ್ಗನ್ನಿನ ಒಂದೇ ಸ್ವರ ಒಂದೂವರೆ ನಿಮಿಷ ನಿಲ್ಲುತ್ತದಲ್ಲ, ಡ್ರಮ್ಮು ಸುಮ್ಮನಾಗುತ್ತದಲ್ಲ, ನೀವು ಅದರ ಮೇಲೆಯೇ ಹನ್ನೊಂದು ಪುಟ ಬರೆದಿದ್ದಿರಿ. ಊರು ಪೂರಾ ಮುಳುಗಿ ನೀರು ನಿಂತುಬಿಟ್ಟದ್ದನ್ನು ಸ್ವರದಲ್ಲಿ ತೋರಿಸಿದ್ದಾರೆ ಎಂದು. ಅದು ಆರ್ಗನ್ನಿನ ಕೀ ಸಿಕ್ಕಿಹಾಕಿಕೊಂಡದ್ದಂತೆ! ಸ್ಟುಡಿಯೋದಲ್ಲಿ ಶೆಕೆ, ಬೆರಳಿನಿಂದ ಒತ್ತಿದ ಒಂದು ಕೀ ಮೇಲೇಳಲೇ ಇಲ್ಲ. ಡ್ರಮ್ಮಿನವನು ಗಾಬರಿಯಾಗಿ ಕೈ ಬಿಟ್ಟ. ಇವರು ಒಂದು ಕೈಯಲ್ಲಿ ಆ ಕೀ ಎತ್ತಲು ಹೆಣಗುತ್ತಾ ಇನ್ನೊಂದು ಕೈಯಲ್ಲಿ ಅವನಿಗೆ ಸನ್ನೆ ಮಾಡಿ ಕಾಯಿಸಿದರು. ಮತ್ತೆ ನುಡಿಸೋಣವೆಂದರೆ ಸ್ಟುಡಿಯೋ ಸಮಯ ಮುಗಿದಿತ್ತು. ಹಾಗೆಯೇ ಬಿಟ್ಟರಂತೆ.

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. ರೀ, ಮೂರು ವರ್ಷದಲ್ಲಿ ಮೊದಲ ಸಲ ನನಗೆ ಮನೆಗೆ ಓಡಿಹೋಗಿ ನಿಮಗೆ ಒಂದು ಮಾತು ಹೇಳಬೇಕೆನಿಸಿತು. ನಿಮ್ಮ ಮುಖ ಹೇಗಾಗುತ್ತದೆ ಎಂದು ಕಣ್ಣಿಗೆ ಕಟ್ಟಿತು. ಮನೆಯಲ್ಲಿ ನೀವಿಲ್ಲ ಎಂಬುದು ಆಮೇಲೆ ನೆನಪಾಯಿತು.

ಅಷ್ಟರಲ್ಲಿ ಅವರು ಕೇಳಿದರು. ಅದನ್ನು ಕೊನೆಯವರೆಗೆ ಕೇಳಿದವರು ಒಬ್ಬರಾದರೂ ಇದ್ದಾರೋ ಇಲ್ಲವೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ, ನಿನಗೆ ಇಂಥ ಸಂಗೀತ ಕೇಳುವವರು ಯಾರಾದರೂ ಗೊತ್ತೇನಮ್ಮ ಎಂದು. ತಮಾಷೆಯಾಗಿಯೇ ಕೇಳಿದರು. ಆದರೆ ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿದ್ದರು.

ಇಲ್ಲ ಅಂದೆ. ನನಗೆ ಈ ಸಂಗೀತ ತಿಳಿಯದು, ತಿಳಿದವರೂ ಯಾರೂ ಇಲ್ಲ ಅಂದೆ.

ಅವರು ತಲೆಯಾಡಿಸಿ, ಸ್ವಾಧೀನವಿಲ್ಲದ ಬಲಗೈಯನ್ನು ಎಡಗೈಯಿಂದ ಎತ್ತಿ ಮುಂದೆ ಇಟ್ಟರು. ಆ ಉಗುರುಗಳನ್ನೂ ಕತ್ತರಿಸಿದೆ.

ಇನ್ನು ಜೂನ್ ತಿಂಗಳದ್ದು. ಇದು ನಿಮಗೂ ನೆನಪಿದೆ, ಆದರೆ ಏನು ನಡೆಯಿತೆಂದು ನಿಮಗೆ ಗೊತ್ತಿಲ್ಲ. ಸ್ನೇಹಲ್ ಶಾಲೆಯ ಬ್ಲೇಜರನ್ನು ನಿಮ್ಮ ಮನೆಯಲ್ಲಿ ಬಿಟ್ಟು ಬಂದಿದ್ದಳು. ನಿಮಗೆ ಆಕ್ಲೆಂಡಿನಲ್ಲಿ ಮೀಟಿಂಗ್ ಇತ್ತು, ಕೊಟ್ಟು ಹೋಗುತ್ತೇನೆಂದು ನನ್ನ ಕೆಲಸದ ಜಾಗಕ್ಕೆ ಬಂದಿರಿ. ನಾನು ಒಬ್ಬರ ಡ್ರೆಸ್ಸಿಂಗ್ ಬದಲಿಸುತ್ತಿದ್ದೆ, ನಿಮ್ಮನ್ನು ಲೌಂಜಿನಲ್ಲಿ ಕೂರಿಸಿದರು. ಹೊರಗೆ ಬಂದು ನೋಡಿದರೆ ಕಿಟಕಿಯ ಹತ್ತಿರ ಕೂತಿದ್ದ ಮುದುಕರೊಬ್ಬರ ಜಾರಿದ ಕಂಬಳಿಯನ್ನು ನೀವು ಎತ್ತಿ ಮೊಣಕಾಲಿನ ಮೇಲೆ ಹೊದಿಸುತ್ತಿದ್ದಿರಿ. ನಾನು ಬಾಗಿಲಲ್ಲೇ ನಿಂತೆ. ಅವರು ನಿಮ್ಮ ಊರು ಕೇಳಿದರು. ಹುಬ್ಬಳ್ಳಿ ಎಂದಿರಿ. ಬಹಳ ದೂರ ಎಂದರು. ನಿಮ್ಮ ಮಾತು ಕೇಳಿದರೆ ನೀವೂ ದೂರದವರೇ ಅನಿಸುತ್ತದೆ ಎಂದು ನೀವು ನಕ್ಕಿರಿ. ಅವರು "ಓಹಾಯೋ" ಎಂದರು.

ನಿಮ್ಮ ಬೆನ್ನು ನೆಟ್ಟಗಾದದ್ದು ನನಗೆ ಕಾಣಿಸಿತು. ನೀವು ಬಾಯಿ ತೆರೆದಿರಿ. "ಓಹಾಯೋದಲ್ಲಿ ಒಂದು..." ಎನ್ನುವಷ್ಟರಲ್ಲಿ ನಾನು ಮೂರು ಹೆಜ್ಜೆಯಲ್ಲಿ ಬಂದು, "ರೀ, ಕಾರು ಅಲ್ಲಿ ನಿಲ್ಲಸಂಗಿಲ್ಲ, ಆಂಬುಲೆನ್ಸ್ ಬರಾಕತ್ತೈತಿ, ಲಗೂನ ತಗೀರಿ," ಅಂದೆ. ನೀವು ಬ್ಲೇಜರನ್ನು ನನ್ನ ಕೈಗೆ ಕೊಟ್ಟು ಗಡಿಬಿಡಿಯಿಂದ ಓಡಿದಿರಿ. ಕಾರಿನ ಹತ್ತಿರ ಹೋಗಿ ತಿರುಗಿ ನೋಡಿ ಕೈ ಬೀಸಿದಿರಿ, ಒಳಗಿದ್ದ ಅವರಿಗೂ ಸೇರಿಸಿ.

ಯಾವ ಆಂಬುಲೆನ್ಸೂ ಬರುವುದಿರಲಿಲ್ಲ.

ಆ ಮನುಷ್ಯ ಯಾರು, ಏನೋ ಹೇಳಲು ಹೊರಟಿದ್ದ ಎಂದು ಅವರು ಕೇಳಿದರು. ಗೊತ್ತಿಲ್ಲ, ಯಾರನ್ನೋ ನೋಡಲು ಬಂದವರು ಅಂದೆ. ನನ್ನ ಗಂಡನನ್ನು ಗೊತ್ತಿಲ್ಲ ಅಂದೆ. ಆಮೇಲೆಯೂ ಎರಡು ಸಲ ಕೇಳಿದರು, ಆ ಹುಬ್ಬಳ್ಳಿಯವನು ಮತ್ತೆ ಬರುತ್ತಾನೆಯೇ ಎಂದು. ನೋಡಲು ಬರುವವರು ಇಲ್ಲದವರಿಗೆ ಕಂಬಳಿ ಹೊದಿಸಿದವನೂ ನೆನಪಿರುತ್ತಾನೆ.

ಸಿಕ್ಕಿಬಿದ್ದದ್ದು ಸ್ನೇಹಲ್ ಕೈಗೆ. ಆಗಸ್ಟ್ ನಾಲ್ಕು, ಭಾನುವಾರ. ಮನೆಯ ಬೀಗದ ಕೈ ಇಸಿದುಕೊಳ್ಳಲು ಬಂದವಳು ಲೌಂಜಿನಲ್ಲಿ ನಿಂತುಬಿಟ್ಟಿದ್ದಳು. ವೆಂಡೆಲ್ ಕಿಟಕಿಯ ಕಡೆ ಮುಖ ಮಾಡಿ ಗುನುಗುತ್ತಿದ್ದರು. "ಅಮ್ಮಾ, ದಟ್ಸ್ ಅಪ್ಪಾಸ್ ರೆಕಾರ್ಡ್," ಅಂದಳು. ಹದಿನೇಳು ವರ್ಷ ಅದನ್ನು ಕೇಳಿಕೊಂಡೇ ಬೆಳೆದವಳಲ್ಲವೇ. ಹೋಗಿ ಬಾಗಿಲ ಮೇಲಿನ ಹೆಸರು ಓದಿ ಬಂದಳು. ಕಾರಿನಲ್ಲಿ "ಡಿಡ್ ಯೂ ನೋ?" ಎಂದು ಕೇಳಿದಳು. ಮೊದಲು ಇಲ್ಲ ಅಂದೆ. ಲಿಂಕನ್ ರೋಡಿನ ಸಿಗ್ನಲ್ಲಿನಲ್ಲಿ ಹೌದು ಅಂದೆ.

ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅಡುಗೆಮನೆಗೆ ಬಂದು ನಿಂತು, ಅವಳ ಹರಕು ಮುರುಕು ಕನ್ನಡದಲ್ಲಿ, "ನೀ ಅಪ್ಪಗ ಹೇಳ್ತಿಯೋ, ನಾ ಹೇಳ್ಲೋ?" ಅಂದಳು. ನನ್ನ ಹತ್ತಿರ ಯಾವತ್ತೂ ಕನ್ನಡದಲ್ಲಿ ಉತ್ತರ ಕೊಡದವಳು. ನಾನೇ ಹೇಳುತ್ತೇನೆ, ಒಂದು ವಾರ ಕೊಡು ಅಂದೆ. ಆ ವಾರವೇ ನಮ್ಮಲ್ಲಿ ಫ್ಲೂ ಹರಡಿ ಹೊರಗಿನವರಿಗೆ ಬಾಗಿಲು ಮುಚ್ಚಿದರು. ನೋಡು, ಈಗ ಹೇಳಿದರೂ ಅಪ್ಪ ಒಳಗೆ ಬರುವ ಹಾಗಿಲ್ಲ ಅಂದೆ. ಆ ಮುಚ್ಚಿದ ಬಾಗಿಲನ್ನು ನೋಡಿ ನನಗೆ ಹಗುರವಾಗಿತ್ತು. ಅವರು ಒಳಗಿದ್ದರು, ಅವರ ಕೋಣೆಯಲ್ಲಿ ಫೋನಿತ್ತು. ನಿಮ್ಮ ನಂಬರ್ ಒತ್ತಿ ಅವರ ಕಿವಿಗೆ ಹಿಡಿದಿದ್ದರೆ ಸಾಕಿತ್ತು. ಅದು ಹೊಳೆಯಲಿಲ್ಲ ಎಂದು ಬರೆಯಲು ಹೊರಟಿದ್ದೆ. ಹೊಳೆದಿತ್ತು.

ಸೋಮವಾರ ಬಾಗಿಲು ತೆರೆದರು. ಈ ಶನಿವಾರ ನಿಮ್ಮನ್ನು ಕರೆಸುವುದೆಂದು ನಾನೂ ಸ್ನೇಹಲ್‌ಳೂ ಮಾತಾಡಿಕೊಂಡೆವು. ಮಂಗಳವಾರ ಬೆಳಿಗ್ಗೆ ಅವರಿಗೆ ಮತ್ತೊಂದು ಸ್ಟ್ರೋಕ್ ಆಯಿತು. ಆಸ್ಪತ್ರೆಗೆ ಸಾಗಿಸುವುದು ಬೇಡ, ಇಲ್ಲೇ ಇರಲಿ ಎಂದು ಅವರೇ ಮೊದಲು ಬರೆದುಕೊಟ್ಟಿದ್ದರು. ನನ್ನ ಪಾಳಿ ಮುಗಿದರೂ ಕೂತೆ. ಆ ಮಧ್ಯಾಹ್ನ ಅವರಿಗೆ ಎಲ್ಲವನ್ನೂ ಹೇಳಿದೆ. ಆಪ್ ಶಾಪ್, ಏಳು ಮಾತ್ರೆ, ಹನ್ನೊಂದು ಪುಟ, ನೀವು ಬರೆದ ಕಾಗದಗಳು. ಕಂಬಳಿ ಹೊದಿಸಿದವರೇ ನನ್ನ ಗಂಡ ಎಂದೂ ಹೇಳಿದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಎಡಗೈಯಲ್ಲಿ ನನ್ನ ಬೆರಳು ಒತ್ತಿದರು. ತಿಳಿದುಕೊಂಡೇ ಹೋದರು. ನಿಮಗೆ ಅಷ್ಟಾದರೂ ಸಮಾಧಾನ ಇರಲಿ.

ಅವರ ತಮ್ಮನ ಮಗಳ ಜೊತೆ ನಿನ್ನೆ ಮಾತಾಡಿದೆ. ದೊಡ್ಡಪ್ಪನ ಹಾಡು ಕೇಳಿದವರೊಬ್ಬರು ಇಲ್ಲಿದ್ದಾರೆ ಎಂದಾಗ ಅವಳು ನಿಮ್ಮ ಹೆಸರು ಕೇಳಿದಳು. ಆಮೇಲೆ, ಅವರಿಗೆ ಎಲ್ಲವನ್ನೂ ಹೇಳಿ, ದಯವಿಟ್ಟು ಅವರು ಬರಲಿ ಎಂದಳು. ಅವಳ ಒಪ್ಪಿಗೆಯಿಂದಲೇ ಇಷ್ಟು ಬರೆದಿದ್ದೇನೆ. ಬರುವ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ವೈಕುಮೆಟೆ ಸ್ಮಶಾನದಲ್ಲಿ ಅಂತ್ಯಕ್ರಿಯೆ. ಅವಳಿಗೆ ಅಮೆರಿಕದಿಂದ ಬರಲಾಗುವುದಿಲ್ಲ. ಸದ್ಯಕ್ಕೆ ಬರುವವರೆಂದರೆ ನಾನು, ನಮ್ಮ ಮ್ಯಾನೇಜರ್, ಅವರು ಪಿಯಾನೋ ನೋಡಿಕೊಳ್ಳುತ್ತಿದ್ದ ಒಂದು ಚರ್ಚಿನ ಇಬ್ಬರು. ನಾನು ಅಲ್ಲಿರುವುದು ನಿಮಗೆ ಬೇಡವೆಂದರೆ ಸ್ನೇಹಲ್ ಕೈಲಿ ಒಂದು ಮಾತು ಹೇಳಿ ಕಳಿಸಿ. ನಾನು ಹೊರಗೆ ಕಾರಿನಲ್ಲಿ ಕೂರುತ್ತೇನೆ.

ಮೇ ತಿಂಗಳ ಆ ಬೆಳಗಿನ ಸಂಗತಿ ನಿಮ್ಮ ತಾಯಿಗೆ, ಅಕ್ಕನಿಗೆ ಈ ವಾರವೇ ಫೋನು ಮಾಡಿ ಹೇಳುತ್ತೇನೆ. ಕೂಟದವರಿಗೂ ಹೇಳುತ್ತೇನೆ. ಅದು ನಾನೇ ಸರಿಮಾಡಬೇಕಾದದ್ದು, ಅದಕ್ಕೆ ನಿಮ್ಮ ಅನುಮತಿ ಕೇಳುತ್ತಿಲ್ಲ. ಉಳಿದದ್ದಕ್ಕೆ ಕ್ಷಮೆ ಕೇಳಲು ನನಗೆ ಬಾಯಿಲ್ಲ.

ವಚನಾ

ತಾ.ಕ.: ಶನಿವಾರ, ಬೆಳಿಗ್ಗೆ ಏಳು. ಸ್ನೇಹಲ್ ಸ್ನಾನಕ್ಕೆ ಹೋಗಿದ್ದಾಳೆ. ಲಕೋಟೆ ಅಂಟಿಸುವ ಮೊದಲು ಎಲ್ಲ ಓದಿದೆ. ಇದರಲ್ಲೂ ಒಂದು ಕಡೆ ನಿಮಗೆ ಸುಳ್ಳು ಬರೆದಿದ್ದೇನೆ. ಆ ಹಾಳೆ ಹರಿದು ಬೇರೆ ಬರೆಯಬಹುದಿತ್ತು. ಬೇಡ, ನಾನು ಹೇಗೆ ಬರೆದೆನೆಂದು ನೀವು ನೋಡಬೇಕು. ಮಂಗಳವಾರ ಅವರ ಕಿವಿಯ ಹತ್ತಿರ ನಾನು ಎಲ್ಲವನ್ನೂ ಹೇಳಿದ್ದು ನಿಜ. ಅವರು ಕಣ್ಣು ತೆರೆಯಲಿಲ್ಲ. ಬೆರಳು ಒತ್ತಲಿಲ್ಲ. ಬೆಳಿಗ್ಗೆ ಆರಕ್ಕೇ ಅವರ ಪ್ರಜ್ಞೆ ಹೋಗಿತ್ತು, ನಾನೇ ಪರೀಕ್ಷಿಸಿ ಚಾರ್ಟಿನಲ್ಲಿ ಬರೆದಿದ್ದೆ. ಎಚ್ಚರವಿದ್ದಾಗ ಅವರು ಕೇಳಿದ್ದು ಏಪ್ರಿಲ್‌ನಲ್ಲಿ, ನಾನು ಕೊಟ್ಟ ಉತ್ತರ 'ಇಲ್ಲ' ಎಂದು. ತಮ್ಮ ಹಾಡನ್ನು ಯಾರೂ ಕೇಳಿಲ್ಲ ಅಂದುಕೊಂಡೇ ಅವರು ಹೋದರು.